ಎರಡು ಲಕ್ಷ ಕಿಲೋಮೀಟರ್ ದಾಟಿದ ಕಾರು: ಇಂಜಿನ್ ಬೇರಿಂಗ್ ಬದಲಿಸಬೇಕಾ, ಬೇಡವಾ?

ಮೀಟರ್ ಎರಡು ಲಕ್ಷ ದಾಟಿತು ಅಂದರೆ ಸಾಕು, ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ: “ಒಂದ್ಸಲ ಬೇರಿಂಗ್ ಹಾಕಿಸಿಬಿಡಿ ಸಾರ್, ಆಮೇಲೆ ತಲೆನೋವಿಲ್ಲ.” ಪಕ್ಕದಲ್ಲಿ ನಿಂತವರು “ಓಡೋ ಗಾಡಿಗೆ ಯಾಕೆ ಕೈ ಹಾಕ್ತೀರಾ” ಅನ್ನುತ್ತಾರೆ. ಇಬ್ಬರೂ ಬಾನೆಟ್ ಎತ್ತಿ ನೋಡಿರುವುದಿಲ್ಲ. ಬರೀ ಕಿಲೋಮೀಟರ್ ನೋಡಿ ಬೇರಿಂಗ್ ಬದಲಿಸುವುದು ಸುಮ್ನೆ ದುಡ್ಡು ಕಳೆಯುವ ಕೆಲಸ. ಇಂಜಿನ್ ಚೆನ್ನಾಗಿ ಬಿಸಿಯಾದಾಗ ಆಯಿಲ್ ಪ್ರೆಷರ್ ಎಷ್ಟಿದೆ, ಶಬ್ದ ಎಲ್ಲಿಂದ ಬರುತ್ತಿದೆ, ಆಯಿಲ್ ಫಿಲ್ಟರ್ ಒಳಗೆ ಏನು ಸಿಕ್ಕಿದೆ, ಈ ಮೂರನ್ನು ಮೊದಲು ನೋಡಬೇಕು. ಎರಡಾದರೂ ಬೇರಿಂಗ್ ಕಡೆಗೇ ಬೆರಳು ತೋರಿಸಿದರೆ ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರ್ ಇಳಿಸಿ. ಇಲ್ಲದಿದ್ದರೆ ಬೇಡ.

ಯಾವ ಬೇರಿಂಗ್ ಬಗ್ಗೆ ಮಾತು ಅನ್ನುವುದನ್ನು ಮೊದಲು ಸರಿ ಮಾಡಿಕೊಳ್ಳೋಣ. ಚಕ್ರದಲ್ಲಿ ಇರುವ ಗುಂಡು ಬೇರಿಂಗ್ ಅಲ್ಲ. ಪಿಸ್ಟನ್‌ಗಳ ಏರಿಳಿತದಿಂದ ತಿರುಗುವ ಕ್ರ್ಯಾಂಕ್ ಶಾಫ್ಟನ್ನು ಇಂಜಿನ್ ಬ್ಲಾಕಿನಲ್ಲಿ ಹಿಡಿದಿರುವುದು ಮೇನ್ ಬೇರಿಂಗ್. ಪಿಸ್ಟನ್ನಿನಿಂದ ಬರುವ ಕನೆಕ್ಟಿಂಗ್ ರಾಡಿನ ದೊಡ್ಡ ತುದಿಯನ್ನು ಕ್ರ್ಯಾಂಕಿಗೆ ಸೇರಿಸುವ ಜಾಗದಲ್ಲಿ ಇರುವುದು ಬಿಗ್ ಎಂಡ್ ಬೇರಿಂಗ್, ನಮ್ಮ ಕಡೆ ಕನ್‌ರಾಡ್ ಬೇರಿಂಗ್ ಅಂತಲೂ ಅನ್ನುತ್ತಾರೆ. ಎರಡೂ ಅರ್ಧ ಬಳೆಯ ಆಕಾರದ ತೆಳು ತಗಡಿನ ಜೋಡಿಗಳು. ಹಿಂಭಾಗ ಉಕ್ಕು, ಮೇಲೆ ತಾಮ್ರ-ಸೀಸ ಅಥವಾ ಅಲ್ಯೂಮಿನಿಯಂ-ತವರದ ಮೆತ್ತನೆಯ ಪದರ. ಕೆಲವುಗಳಲ್ಲಿ ಅದರ ಮೇಲೆ ಇನ್ನೊಂದು ಬಹಳ ತೆಳುವಾದ ಬೂದು ಲೇಪ ಇರುತ್ತದೆ. ಇವುಗಳ ಜೊತೆ ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ವಾಷರ್ ಇದೆ. ಅದರ ಮಾತು ಮುಂದೆ ಬರುತ್ತದೆ.

ಇಂಜಿನ್ ಓಡುವಾಗ ಕ್ರ್ಯಾಂಕ್ ಈ ತಗಡಿಗೆ ತಾಗುವುದೇ ಇಲ್ಲ. ಮಳೆಯಲ್ಲಿ ನೀರು ನಿಂತ ರಸ್ತೆ ಮೇಲೆ ವೇಗವಾಗಿ ಹೋದ ಟೈರ್ ತೇಲುತ್ತದಲ್ಲ, ಹಾಗೆ ಅದು ಆಯಿಲ್ ಪದರದ ಮೇಲೆ ತೇಲುತ್ತಿರುತ್ತದೆ. ಆ ಪದರಕ್ಕಾಗಿ ಬಿಟ್ಟಿರುವ ಸಂದು ಸಾಮಾನ್ಯವಾಗಿ 0.02ರಿಂದ 0.06 ಮಿಲಿಮೀಟರ್. ತಗಡಿಗೆ ಕ್ರ್ಯಾಂಕ್ ಉಜ್ಜುವುದು ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ, ಆಯಿಲ್ ಕಡಿಮೆಯಾದಾಗ, ಆಯಿಲ್ ತೆಳ್ಳಗಾದಾಗ, ಕಸ ಸಿಕ್ಕಿದಾಗ. ಕಡಿಮೆ ಸ್ಪೀಡಿನಲ್ಲಿ ವಿಪರೀತ ಭಾರ ಬಿದ್ದಾಗಲೂ ಉಜ್ಜುತ್ತದೆ. ಅಂದರೆ ಬೇರಿಂಗ್ ಸವೆಯುವುದು ದೂರದಿಂದ ಅಲ್ಲ, ಇಂಥ ಕ್ಷಣಗಳು ಎಷ್ಟು ಸಲ ಬಂದವು ಅನ್ನುವುದರಿಂದ.

ನಮ್ಮ ಜಿಲ್ಲೆಗಳಲ್ಲಿ ಮೀಟರ್ ಮಾತನ್ನು ನಂಬಬಾರದು ಅನ್ನುವುದು ಇದಕ್ಕೇ. ಹಾಸನ-ಬೆಂಗಳೂರು ಹೆದ್ದಾರಿಯಲ್ಲಿ ಟಾಪ್ ಗೇರಿನಲ್ಲಿ ಓಡಿದ ಎರಡೂವರೆ ಲಕ್ಷ ಕಿಲೋಮೀಟರ್ ಇಂಜಿನ್ನಿಗೆ ಅಷ್ಟೇನೂ ಕಷ್ಟ ಅಲ್ಲ. ಆಲ್ದೂರು, ಬಾಳೆಹೊನ್ನೂರು, ಕಳಸದ ಕಡೆ ತೋಟದೊಳಗೆ ಓಡಿದ ಒಂದು ಲಕ್ಷ ಅದಕ್ಕಿಂತ ಜಾಸ್ತಿ ಸವೆತ ತರಬಹುದು. ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಆಳುಗಳನ್ನು ಬಿಟ್ಟು, ಮೂಟೆ ತುಂಬಿ, ಮತ್ತೆ ಕಣಕ್ಕೆ. ಹೋದ ದೂರ ಎರಡು ಕಿಲೋಮೀಟರ್, ಸ್ಟಾರ್ಟ್ ಮಾಡಿದ್ದು ಹತ್ತಾರು ಸಲ. ಇಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಆಫ್. ಹೀಗೆ ಓಡಿದ ಡೀಸೆಲ್ ಗಾಡಿಯಲ್ಲಿ ಸ್ವಲ್ಪ ಸ್ವಲ್ಪವೇ ಡೀಸೆಲ್ ಆಯಿಲಿಗೆ ಸೇರುತ್ತದೆ. ಆಯಿಲ್ ತೆಳ್ಳಗಾಗುತ್ತದೆ.

ಇನ್ನೊಂದು ಅಭ್ಯಾಸ ಇದೆ. ಕೊಟ್ಟಿಗೆಹಾರದ ಕಡೆ ಚಾರ್ಮಾಡಿ ಹತ್ತುವಾಗ, ಶಿರಾಡಿಯಲ್ಲಿ ಗುಂಡ್ಯದಿಂದ ಸಕಲೇಶಪುರಕ್ಕೆ ಬರುವಾಗ, ಮೈಲೇಜ್ ಉಳಿಯಲಿ ಅಂತ ನಾಲ್ಕನೇ ಗೇರಿನಲ್ಲೇ ತಳ್ಳುವುದು. ಇಂಜಿನ್ ಗುಮ್ಮ್ ಅಂತ ನಡುಗುತ್ತಿರುತ್ತದೆ, ಕಾಲು ಆಕ್ಸಿಲರೇಟರ್ ಮೇಲೆ ಪೂರ್ತಿ ಒತ್ತಿರುತ್ತದೆ. ಕ್ರ್ಯಾಂಕ್ ನಿಧಾನ ತಿರುಗುತ್ತಿದೆ, ಪಿಸ್ಟನ್ ಮೇಲಿನ ಒತ್ತಡ ಮಾತ್ರ ವಿಪರೀತ. ಆಯಿಲ್ ಪದರ ಅತೀ ತೆಳ್ಳಗಾಗುವ ಹೊತ್ತು ಇದೇ. ಗೇರ್ ಇಳಿಸಿ ಹತ್ತಿದರೆ ಹೆಚ್ಚಿಗೆ ಖರ್ಚಾಗುವ ಡೀಸೆಲ್ ಸ್ವಲ್ಪವೇ, ಬೇರಿಂಗ್ ಸೆಟ್ಟಿನ ಬೆಲೆ ಅದಕ್ಕಿಂತ ಜಾಸ್ತಿ.

ಶಬ್ದ ಕೇಳುವುದು

ಗ್ಯಾರೇಜಿಗೆ ಬರುವ “ಬೇರಿಂಗ್ ಸೌಂಡ್” ದೂರುಗಳಲ್ಲಿ ಬೇರಿಂಗ್ ಅಲ್ಲದವೇ ಜಾಸ್ತಿ. ಮೊದಲು ಆ ಕಳ್ಳರನ್ನು ಬೇರೆ ಮಾಡಬೇಕು.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡ್ ಕಟಕಟ ಅಂದು ಸುಮ್ಮನಾಗುತ್ತದಾ? ಮೊದಲು ಫಿಲ್ಟರ್ ಮೇಲೆ ಅನುಮಾನ ಪಡಿ. ರಾತ್ರಿ ಆಯಿಲ್ ಕೆಳಗೆ ಇಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಅದರೊಳಗೆ ಇರುತ್ತದೆ. ಅಗ್ಗದ ಫಿಲ್ಟರಿನಲ್ಲಿ ಅದು ಬೇಗ ಗಟ್ಟಿಯಾಗುತ್ತದೆ. ಸ್ವಿಫ್ಟ್, ಡಿಸೈರ್, ವಿಸ್ಟಾದಲ್ಲಿ ಬಂದ 1248 ಸಿಸಿ ಡೀಸೆಲ್ ಇಂಜಿನ್ ಆದರೆ ಟೈಮಿಂಗ್ ಚೈನ್ ಕೂಡ ಇದೇ ರೀತಿ ಸದ್ದು ಮಾಡಬಹುದು, ಏಕೆಂದರೆ ಆ ಚೈನ್ ಬಿಗಿ ಮಾಡುವ ಟೆನ್ಷನರ್ ಕೆಲಸ ಮಾಡುವುದೇ ಆಯಿಲ್ ಪ್ರೆಷರಿನಿಂದ. ಥಂಡಿ ಇಂಜಿನ್ನಿನಲ್ಲಿ ಇದ್ದು, ಬಿಸಿಯಾಗುತ್ತಾ ಕಡಿಮೆಯಾಗುವ ಟೊಕ್ ಟೊಕ್ ಬಹುತೇಕ ಪಿಸ್ಟನ್ ಸಡಿಲದ್ದು. ಮೇಲ್ಗಡೆ, ಹೆಡ್ ಹತ್ತಿರ, ತೆಳುವಾದ ಟಿಕ್ ಟಿಕ್ ಬಂದರೆ ವಾಲ್ವ್ ಒತ್ತುವ ಟ್ಯಾಪೆಟ್. ಕ್ಲಚ್ ಒತ್ತಿದ ತಕ್ಷಣ ಶಬ್ದ ನಿಂತರೆ ಅಥವಾ ಶುರುವಾದರೆ ಗೇರ್‌ಬಾಕ್ಸ್, ಕ್ಲಚ್ ಕಡೆ ನೋಡಿ. ಆಲ್ಟರ್ನೇಟರ್ ತಿರುಗಿಸುವ ಹೊರಗಿನ ಬೆಲ್ಟ್ (ಟೈಮಿಂಗ್ ಬೆಲ್ಟ್ ಅಲ್ಲ) ತೆಗೆದು ಒಂದೇ ನಿಮಿಷ ಓಡಿಸಿದಾಗ ಶಬ್ದ ಹೋದರೆ ಆಲ್ಟರ್ನೇಟರ್, ಎಸಿ ಕಂಪ್ರೆಸರ್ ಅಥವಾ ಬೆಲ್ಟಿನ ಪುಲ್ಲಿಗಳಲ್ಲಿ ಒಂದು. ಸಡಿಲವಾದ ಕ್ರ್ಯಾಂಕ್ ಪುಲ್ಲಿ, ಫ್ಲೈವೀಲ್ ಬೋಲ್ಟ್ ಇವೆರಡು ಮಾತ್ರ ಎಂಥವರನ್ನೂ ಏಮಾರಿಸುತ್ತವೆ. ಬಿಗ್ ಎಂಡ್ ಥರವೇ ಕೆಳಗಿನಿಂದ ಗಟ್ಟಿಯಾಗಿ ಹೊಡೆಯುತ್ತವೆ. ಇಂಜಿನ್ ಇಳಿಸುವ ಮೊದಲು ಇವುಗಳ ಬೋಲ್ಟ್‌ಗಳಿಗೆ ಒಮ್ಮೆ ಸ್ಪ್ಯಾನರ್ ಹಾಕಿ ನೋಡುವುದಕ್ಕೆ ಏನೂ ಖರ್ಚಿಲ್ಲ.

ಈಗ ನಿಜವಾದ ಬೇರಿಂಗ್ ಶಬ್ದ. ಬಿಗ್ ಎಂಡ್ ಸಡಿಲವಾದರೆ ಇಂಜಿನ್ ಬಿಸಿಯಾದಷ್ಟೂ ಶಬ್ದ ಜೋರಾಗುತ್ತದೆ. ಐಡ್ಲಿಂಗಿನಲ್ಲಿ ಕೇಳದೆ ಇರಬಹುದು. ನಿಧಾನಕ್ಕೆ ರೇಸ್ ಕೊಡುತ್ತಾ 2000ದಿಂದ 2500 ಆರ್‌ಪಿಎಂ ಹತ್ತಿರ ಹಿಡಿದು, ತಟ್ಟನೆ ಕಾಲು ತೆಗೆಯಿರಿ. ಭಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬದಲಾಗುವ ಆ ಹೊತ್ತಿನಲ್ಲಿ ಟಕಟಕಟಕ ಅಂತ ಸಾಲಾಗಿ ಹೊಡೆದರೆ ಅದು ಕನ್‌ರಾಡ್. ಮೇನ್ ಬೇರಿಂಗಿನ ಶಬ್ದ ಇದಕ್ಕಿಂತ ದಪ್ಪ. ಗುದ್ದು ಅನ್ನಬಹುದು. ಭಾರ ಎಳೆಯುವಾಗ, ಏರು ಹತ್ತುವಾಗ ಪಾದಕ್ಕೇ ಗೊತ್ತಾಗುತ್ತದೆ.

ಯಾವ ಸಿಲಿಂಡರ್ ಅಂತ ಹಿಡಿಯಲು ಒಂದೊಂದಾಗಿ ಸಿಲಿಂಡರ್ ಕೆಲಸ ನಿಲ್ಲಿಸಿ ನೋಡಬೇಕು. ನಿಲ್ಲಿಸಿದಾಗ ಶಬ್ದ ಸ್ಪಷ್ಟವಾಗಿ ಕಡಿಮೆಯಾದರೆ ಆ ಸಿಲಿಂಡರಿನ ಬಿಗ್ ಎಂಡ್ ಮೇಲೆ ಗುರುತು ಹಾಕಿ. ಯಾವುದನ್ನು ನಿಲ್ಲಿಸಿದರೂ ಅಷ್ಟೇನೂ ಬದಲಾಗದಿದ್ದರೆ ಮೇನ್ ಅಥವಾ ಫ್ಲೈವೀಲ್. ಇಲ್ಲಿ ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳಬೇಕು. ಹಳೇ ಜೀಪುಗಳಲ್ಲಿ ಇಂಜೆಕ್ಟರ್ ಪೈಪಿನ ನಟ್ ಸಡಿಲ ಮಾಡಿ ನೋಡುವ ರೂಢಿ ಇತ್ತು. ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಪೈಪಿನಿಂದ ಡೀಸೆಲ್ ಹೋಗುವ ಕಾಮನ್ ರೈಲ್ ಇಂಜಿನ್‌ಗಳಲ್ಲಿ ಆ ಕೆಲಸ ಮಾಡಲೇಬಾರದು. ಆ ಪೈಪಿನಲ್ಲಿ ಸಾವಿರ ಬಾರ್‌ಗಿಂತ ಜಾಸ್ತಿ ಒತ್ತಡ ಇರುತ್ತದೆ, ಸಣ್ಣ ಚಿಮ್ಮು ಕೂಡ ಚರ್ಮ ತೂರಿ ಒಳಗೆ ಹೋಗುತ್ತದೆ. ಸ್ಕ್ಯಾನರಿನಲ್ಲಿ ಸಿಲಿಂಡರ್ ಕಟ್ ಆಯ್ಕೆ ಇದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ಇಂಜಿನ್ ಆಫ್ ಮಾಡಿ, ಒಂದು ಇಂಜೆಕ್ಟರಿನ ವೈರ್ ಸಾಕೆಟ್ ಬಿಚ್ಚಿ, ಆಮೇಲೆ ಸ್ಟಾರ್ಟ್ ಮಾಡಿ. ಪೆಟ್ರೋಲ್ ಗಾಡಿಯಾದರೆ ಕಿಡಿ ಕೊಡುವ ಕಾಯಿಲ್ ಜೊತೆ ಆ ಸಿಲಿಂಡರಿನ ಇಂಜೆಕ್ಟರ್ ಸಾಕೆಟ್ಟನ್ನೂ ತೆಗೆಯಿರಿ. ಉರಿಯದ ಪೆಟ್ರೋಲ್ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋದರೆ ಅದೂ ಹೋಗುತ್ತದೆ.

ಕ್ಲಚ್ ಒತ್ತಿದಾಗ ಕ್ರ್ಯಾಂಕ್ ಪುಲ್ಲಿ ಮುಂದಕ್ಕೆ ಸರಿಯುವುದು ಕಣ್ಣಿಗೇ ಕಂಡರೆ ಥ್ರಸ್ಟ್ ವಾಷರ್ ಹೋಗಿದೆ ಅಂತ ಲೆಕ್ಕ. ಸರಿಯಾದ ಆಟ, ಅಂದರೆ ಕ್ರ್ಯಾಂಕ್ ಹಿಂದೆ ಮುಂದೆ ಸರಿಯುವ ಅಳತೆ, ಬಹಳ ಗಾಡಿಗಳಲ್ಲಿ 0.05ರಿಂದ 0.30 ಮಿಲಿಮೀಟರ್ ಒಳಗೆ. ಅಷ್ಟು ಕಣ್ಣಿಗೆ ಕಾಣುವುದು ಕಷ್ಟ, ಡಯಲ್ ಗೇಜ್ ಬೇಕು. ಕಣ್ಣಿಗೇ ಕಂಡರೆ ಆಟ ಅದನ್ನು ಚೆನ್ನಾಗಿ ಮೀರಿದೆ. ಡ್ರೈವರುಗಳು ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿಯೇ ನಿಲ್ಲುವ ಗಾಡಿಗಳಲ್ಲಿ ಇದು ಬೇಗ ಸವೆಯುತ್ತದೆ.

ಆಯಿಲ್ ಪ್ರೆಷರ್

ಡ್ಯಾಶ್‌ಬೋರ್ಡಿನ ಕೆಂಪು ದೀಪ ಪ್ರೆಷರ್ ಅಳೆಯುವುದಿಲ್ಲ. ಬಹುಪಾಲು ಗಾಡಿಗಳಲ್ಲಿ ಪ್ರೆಷರ್ ಅರ್ಧ ಬಾರ್ ಸುತ್ತಮುತ್ತ ಬಿದ್ದ ಮೇಲೆ ಅದು ಹತ್ತುತ್ತದೆ. ಅಷ್ಟು ಹೊತ್ತಿಗೆ ಕಥೆ ಮುಗಿಯುತ್ತಾ ಬಂದಿರುತ್ತದೆ. ಅದೇ ರೀತಿ, ದೀಪ ಮಿಣುಕಿದ ಮಾತ್ರಕ್ಕೆ ಬೇರಿಂಗ್ ಹೋಯಿತು ಅಂತಲೂ ಅಲ್ಲ. ಸ್ವಿಚ್ಚೇ ಕೆಟ್ಟಿರಬಹುದು.

ಆ ಸ್ವಿಚ್ ಬಿಚ್ಚಿ ಅದೇ ತೂತಿಗೆ ಮೆಕ್ಯಾನಿಕಲ್ ಗೇಜ್ ಹಾಕಬೇಕು. ಥ್ರೆಡ್ ಕೂರದಿದ್ದರೆ ಲೇತ್‌ನಲ್ಲಿ ಅಡಾಪ್ಟರ್ ಮಾಡಿಸಿ. ಇಂಜಿನ್ ಬಿಸಿಯಾಗಿದೆ ಅಂತ ಟೆಂಪರೇಚರ್ ಮುಳ್ಳು ನೋಡಿ ಹೇಳಬೇಡಿ. ನೀರು ಬೇಗ ಬಿಸಿಯಾಗುತ್ತದೆ, ಆಯಿಲಿಗೆ ಇನ್ನೂ ಹೊತ್ತು ಬೇಕು. ಚಿಕ್ಕಮಗಳೂರಿನಿಂದ ಬೇಲೂರಿಗೆ ಹೋಗಿ ಬನ್ನಿ, ಅಥವಾ ಕೈಮರದಿಂದ ಮುಳ್ಳಯ್ಯನಗಿರಿ ಕಡೆ ಒಂದಷ್ಟು ಏರು ಹತ್ತಿ ಇಳಿದು ಬನ್ನಿ. ಶಬ್ದ ಇರುವ ಗಾಡಿಯನ್ನು ಮಾತ್ರ ಏರಿಗೆ ಒಯ್ಯಬೇಡಿ. ಅದನ್ನು ನಿಂತಲ್ಲೇ ಬಿಸಿ ಮಾಡಿ.

ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಇರುವ ಅಂಕಿಯೇ ಕೊನೆ ಮಾತು. ಪುಸ್ತಕ ಸಿಗದಿದ್ದರೆ ಹಳೇ ಲೆಕ್ಕ ಒಂದಿದೆ: ಪ್ರತಿ ಸಾವಿರ ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ. ಅಂದರೆ 3000ದಲ್ಲಿ 30 ಪಿಎಸ್‌ಐ, ಬಾರ್ ಲೆಕ್ಕದಲ್ಲಿ ಎರಡಕ್ಕಿಂತ ಸ್ವಲ್ಪ ಮೇಲೆ. ಬಿಸಿ ಐಡ್ಲಿಂಗಿನಲ್ಲಿ 10 ಪಿಎಸ್‌ಐಗಿಂತ ಕೆಳಗಿದ್ದರೆ ಕಾರಣ ಹುಡುಕಬೇಕು.

ಬರೀ ಅಂಕಿ ನೋಡಿದರೆ ಅರ್ಧ ಕೆಲಸ. ಅದು ಹೇಗೆ ಏರುತ್ತದೆ, ಹೇಗೆ ಇಳಿಯುತ್ತದೆ ಅನ್ನುವುದರಲ್ಲಿ ಕಾರಣ ಅಡಗಿದೆ. ಥಂಡಿಯಲ್ಲಿ ಚೆನ್ನಾಗಿದ್ದು, ಬಿಸಿ ಐಡ್ಲಿಂಗಿನಲ್ಲಿ ಕುಸಿದು, ರೇಸ್ ಕೊಟ್ಟಾಗ ಮತ್ತೆ ಏರಿದರೆ ಸಂದು ದೊಡ್ಡದಾದ ಬೇರಿಂಗಿನ ಲಕ್ಷಣ. ಸವೆದ ಪಂಪ್ ಕೂಡ ಇದೇ ಥರ ಮಾಡಬಹುದು, ಅದಕ್ಕೇ ಒಂದೇ ಪರೀಕ್ಷೆ ಸಾಲದು ಅನ್ನುವುದು. ಐಡ್ಲಿಂಗಿನಲ್ಲಿ ಸರಿ ಇದ್ದು, ರೇಸ್ ಕೊಟ್ಟಂತೆ ಮುಳ್ಳು ಅಲುಗಾಡಿ ಬಿದ್ದರೆ ಆಯಿಲ್ ಹೀರುವ ಪೈಪಿನ ಜಾಲರಿ ಕಟ್ಟಿದೆ, ಇಲ್ಲವೇ ಅದರ ಓ-ರಿಂಗ್ ಗಾಳಿ ಎಳೆಯುತ್ತಿದೆ. ಯಾವ ಸ್ಪೀಡಿನಲ್ಲೂ ಒಂದು ಮಟ್ಟಕ್ಕಿಂತ ಮೇಲೆ ಏರದೇ ಇದ್ದರೆ ಜಾಸ್ತಿ ಪ್ರೆಷರನ್ನು ಹೊರಗೆ ಬಿಡುವ ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಕೊಂಡಿರಬಹುದು.

ತೋಟದ ಗಾಡಿಗಳಲ್ಲಿ ನಾನು ಗೇಜಿಗೂ ಮೊದಲು ಜಾಕಿ ಹಾಕಿ ಕೆಳಗೆ ಮಲಗಿ ಚೇಂಬರ್ ನೋಡುತ್ತೇನೆ. ಕಲ್ಲು ಹೊಡೆದು ಚೇಂಬರ್ ಒಳಕ್ಕೆ ತಗ್ಗಿದ್ದರೆ ಅದರ ತಳ ಹೀರುವ ಜಾಲರಿಗೆ ಹತ್ತಿರ ಬಂದಿರುತ್ತದೆ, ಕೆಲವೊಮ್ಮೆ ಒತ್ತಿಯೇ ಇರುತ್ತದೆ. ಹೊರಗೆ ಒಂದು ಹನಿ ಸೋರಿಕೆ ಇಲ್ಲ. ಆಯಿಲ್ ಕಡ್ಡಿಯಲ್ಲಿ ಮಟ್ಟವೂ ಸರಿ. ಆದರೆ ಪಂಪಿಗೆ ಆಯಿಲ್ ಸಾಲುತ್ತಿಲ್ಲ. ಮೂಡಿಗೆರೆ ಕಡೆಯ ಒಬ್ಬ ಬೆಳೆಗಾರರ ಗಾಡಿಗೆ ಬೇರೆಡೆ “ಹಾಫ್ ಇಂಜಿನ್ ಮಾಡಿಸಬೇಕು” ಅಂತ ಹೇಳಿ ಕಳಿಸಿದ್ದರು. ಕೆಳಗೆ ಮಲಗಿ ನೋಡಿದರೆ ಚೇಂಬರಿನಲ್ಲಿ ಅಂಗೈ ಅಗಲ ತಗ್ಗು. “ಗೌಡ್ರೇ, ಈ ಏಟು ಯಾವಾಗ ಬಿತ್ತು?” ಅಂದೆ. “ಅಯ್ಯೋ, ಅದು ಹೋದ ಮಳೆಗಾಲದ್ದು ಕಣಪ್ಪ, ಆಯಿಲ್ ಸೋರ್ಲಿಲ್ವಲ್ಲ ಅಂತ ಬಿಟ್ಟೆ” ಅಂದರು. ಚೇಂಬರ್ ಬದಲಿಸಿ ಜಾಲರಿ ತೊಳೆದ ಮೇಲೆ ಪ್ರೆಷರ್ ಸರಿಯಾಯಿತು. ಚೇಂಬರ್ ಇಳಿದೇ ಇದ್ದುದರಿಂದ ಎರಡು ಬೇರಿಂಗ್ ಬಿಚ್ಚಿ ನೋಡಿದೆವು. ಬದಲಿಸುವಂಥದ್ದು ಏನೂ ಇರಲಿಲ್ಲ.

ಆಯಿಲ್ ಮಟ್ಟ ಏರುತ್ತಿದ್ದರೆ ಖುಷಿ ಪಡಬೇಡಿ. ಡೀಸೆಲ್ ಸೇರುತ್ತಿದೆ ಅಥವಾ ನೀರು ಸೇರುತ್ತಿದೆ. ಕಡ್ಡಿ ಮೂಸಿ ನೋಡಿ. ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು. ಥಂಡಿ ದಿನಗಳಲ್ಲಿ ಆಯಿಲ್ ಕ್ಯಾಪ್ ಒಳಗೆ ಮಾತ್ರ ಸ್ವಲ್ಪ ಬಿಳಿ ಕೆನೆ ಕಟ್ಟುವುದು ಬೇರೆ ವಿಷಯ, ಗಿಡ್ಡ ಓಡಾಟದ ಗಾಡಿಗಳಲ್ಲಿ ಅದು ಮಾಮೂಲಿ.

ಫಿಲ್ಟರ್ ಕತ್ತರಿಸಿ ನೋಡಿ

ಈ ಪರೀಕ್ಷೆಯನ್ನು ಯಾಕೋ ಯಾರೂ ಮಾಡುವುದಿಲ್ಲ. ಹಳೇ ಫಿಲ್ಟರನ್ನು ಡಬ್ಬಕ್ಕೆ ಎಸೆಯುವ ಬದಲು ತಗಡು ಕತ್ತರಿಸಿ ಒಳಗಿನ ಕಾಗದ ಬಿಚ್ಚಿ. ಹ್ಯಾಕ್‌ಸಾ ಬ್ಲೇಡ್ ಬಳಸಬೇಡಿ, ಗರಗಸದ ಪುಡಿಯೇ ಒಳಗೆ ಸೇರಿ ನಿಮ್ಮನ್ನು ಹೆದರಿಸುತ್ತದೆ. ತಗಡು ಕತ್ತರಿ ಅಥವಾ ಪೈಪ್ ಕಟರ್ ಸಾಕು. ಕಾಗದವನ್ನು ಹಿಂಡಿ, ಬಿಸಿಲಿಗೆ ಹಿಡಿದು ತಿರುಗಿಸಿ.

ಅಲ್ಲೊಂದು ಇಲ್ಲೊಂದು ಮಿನುಗುವ ಕಣ ಇದ್ದರೆ ಎರಡು ಲಕ್ಷ ಓಡಿದ ಇಂಜಿನ್ನಿಗೆ ಅದು ಸಹಜ. ತಾಮ್ರದ ಬಣ್ಣದ ಅಥವಾ ಬೆಳ್ಳಗಿನ ಚಕ್ಕೆಗಳು ಉಗುರಿನಲ್ಲಿ ಎತ್ತುವಷ್ಟು ಸಿಕ್ಕರೆ ಆಯಸ್ಕಾಂತ ಹಿಡಿಯಿರಿ. ಅಂಟಿದರೆ ಉಕ್ಕು. ಚೈನ್, ಕ್ಯಾಮ್, ಪಂಪ್, ರಿಂಗ್ ಕಡೆಯದು. ಅಂಟದಿದ್ದರೆ ಬೇರಿಂಗಿನ ಪದರ ಅಥವಾ ಪಿಸ್ಟನ್ ಅಲ್ಯೂಮಿನಿಯಂ. ತಾಮ್ರದ ಬಣ್ಣ ಇದ್ದು ಆಯಸ್ಕಾಂತಕ್ಕೆ ಅಂಟದಿದ್ದರೆ ಬೇರಿಂಗ್ ಮೇಲಿನ ಲೇಪ ಕಳೆದು ಕೆಳಗಿನ ತಾಮ್ರ ಹೊರಬಂದಿರುವ ಸಾಧ್ಯತೆಯೇ ಜಾಸ್ತಿ. ಟರ್ಬೊದೊಳಗಿನ ಬುಷ್ ಕೂಡ ಇದೇ ಬಣ್ಣದ್ದು, ಅದರ ಶಾಫ್ಟ್ ಆಟವನ್ನೂ ಒಮ್ಮೆ ನೋಡಿ. ಬೇರಿಂಗಿನದು ಬರೀ ಅಲ್ಯೂಮಿನಿಯಂ-ತವರದ ಪದರ ಆಗಿದ್ದರೆ ತಾಮ್ರ ಕಾಣುವುದಿಲ್ಲ, ಬೂದು ಚಕ್ಕೆ ಮಾತ್ರ.

ಆಯಿಲ್ ಬಿಡುವಾಗ ಮೊದಲ ಧಾರೆಯನ್ನು ಹಳೇ ಬಿಳಿ ಪಂಚೆ ತುಂಡಿನಲ್ಲಿ ಸೋಸಿದರೆ ದಪ್ಪ ಚಕ್ಕೆಗಳು ಅಲ್ಲೇ ಸಿಗುತ್ತವೆ. ಲ್ಯಾಬಿಗೆ ಆಯಿಲ್ ಕಳಿಸುವ ಅನುಕೂಲ ಇದ್ದವರು ಸೀಸ, ತಾಮ್ರ, ತವರದ ಅಂಕಿ ನೋಡಲಿ. ಒಂದೇ ವರದಿಯಿಂದ ತೀರ್ಮಾನ ಬೇಡ, ಎರಡು ಮೂರು ಆಯಿಲ್ ಬದಲಾವಣೆಗಳಲ್ಲಿ ಅಂಕಿ ಏರುತ್ತಿದೆಯಾ ಅನ್ನುವುದು ಮುಖ್ಯ.

ತೀರ್ಮಾನ

ಶಬ್ದ ಇಲ್ಲ, ಪ್ರೆಷರ್ ಪುಸ್ತಕದ ಲೆಕ್ಕದೊಳಗೆ ಇದೆ, ಫಿಲ್ಟರ್ ಚೆನ್ನಾಗಿದೆ. ಮೀಟರ್ ಮೂರು ಲಕ್ಷ ತೋರಿಸಿದರೂ ಮುಟ್ಟಬೇಡಿ. ತಾನೇ ಕೂತು ಹೊಂದಿಕೊಂಡ ಬೇರಿಂಗನ್ನು ಧೂಳಿನ ಶೆಡ್ಡಿನಲ್ಲಿ ಬಿಚ್ಚಿ ಹೊಸದು ಹಾಕುವುದರಲ್ಲಿ ಅಪಾಯವೇ ಜಾಸ್ತಿ. ಒಂದು ಮರಳಿನ ಕಣ ತಗಡಿನ ಹಿಂದೆ ಸಿಕ್ಕರೆ ಸಾಕು. “ಮುಂಜಾಗ್ರತೆಗೆ ಬದಲಿಸೋಣ” ಅನ್ನುವ ಮಾತು ಕೆಲವೇ ಇಂಜಿನ್‌ಗಳಿಗೆ ಒಪ್ಪುತ್ತದೆ. ಬಿಎಂಡಬ್ಲ್ಯೂನ ಹಳೇ ಎಂ3 ವಿ8 ಇಂಜಿನ್ ಅಂಥದ್ದು. ಹುಂಡೈ 2015ರಲ್ಲಿ ಅಮೆರಿಕದಲ್ಲಿ 2011-12ರ ಸೊನಾಟಾಗಳನ್ನು ಇದೇ ಬೇರಿಂಗ್ ಕಾರಣಕ್ಕೆ ವಾಪಸ್ ಕರೆಸಿತು. ಅಲ್ಲಿ ತಯಾರಿಕೆಯಲ್ಲೇ ಲೋಹದ ಚೂರು ಕ್ರ್ಯಾಂಕಿನಲ್ಲಿ ಉಳಿದಿತ್ತು. ನಿಮ್ಮ ಇಂಜಿನ್ನಿಗೆ ಅಂಥ ಹೆಸರು ಇಲ್ಲದಿದ್ದರೆ ಸುಮ್ಮನಿರಿ.

ಮಧ್ಯದ ಸ್ಥಿತಿ ಕಷ್ಟದ್ದು. ಶಬ್ದ ಇಲ್ಲ, ಆದರೆ ಬಿಸಿ ಪ್ರೆಷರ್ ಗಡಿಯಲ್ಲಿದೆ, ಫಿಲ್ಟರಿನಲ್ಲಿ ಸ್ವಲ್ಪ ಹೊಳಪು. ಪುಸ್ತಕದಲ್ಲಿ ಹೇಳಿದ ದರ್ಜೆಯ ಆಯಿಲ್, ಒಳ್ಳೆ ಫಿಲ್ಟರ್ ಹಾಕಿ ಸುಮಾರು ಸಾವಿರ ಕಿಲೋಮೀಟರ್ ಓಡಿಸಿ ಮತ್ತೆ ಕತ್ತರಿಸಿ. ಹೊಳಪು ಹೋಗಿದ್ದರೆ ಅದು ಹಳೇ ಕಸ. ಅಷ್ಟೇ ಅಥವಾ ಜಾಸ್ತಿ ಬಂದರೆ ಚೇಂಬರ್ ಇಳಿಸಿ. ಈ ಹಂತದಲ್ಲಿ 20ಡಬ್ಲ್ಯೂ-50 ಥರದ ದಪ್ಪ ಆಯಿಲ್, “ಇಂಜಿನ್ ಟ್ರೀಟ್‌ಮೆಂಟ್” ಡಬ್ಬ ಇವನ್ನು ಹಾಕಬೇಡಿ. ಗೇಜಿನ ಮುಳ್ಳು ಮೇಲೆ ಹೋಗುತ್ತದೆ, ಶಬ್ದ ಮುಚ್ಚಿಕೊಳ್ಳುತ್ತದೆ, ಸವೆತ ನಿಲ್ಲುವುದಿಲ್ಲ. ಮಾರಾಟಕ್ಕೆ ನಿಂತ ಗಾಡಿಗಳಲ್ಲಿ ಇದೇ ಉಪಾಯ ನಡೆಯುತ್ತದೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಕನಿಷ್ಠ ಅರ್ಧ ಗಂಟೆ ಓಡಿಸಿ, ಬಿಸಿಯಲ್ಲಿ ಕೇಳಿ.

ಟಕಟಕ ಶುರುವಾಗಿದ್ದರೆ ಓಡಿಸಬೇಡಿ. ಗ್ಯಾರೇಜ್ ತನಕವೂ ಬೇಡ, ಎಳೆದುಕೊಂಡು ಹೋಗಿ. ಕುಯ್ಲು ಮುಗಿಯಲಿ, ಆಮೇಲೆ ನೋಡೋಣ ಅನ್ನುವವರು ಬಹಳ. ಇವತ್ತು ತಗಡಿನ ಸೆಟ್ಟಿನಲ್ಲಿ ಮುಗಿಯುವ ಕೆಲಸ ನಾಳೆ ಕ್ರ್ಯಾಂಕ್ ಗ್ರೈಂಡಿಂಗ್ ಆಗುತ್ತದೆ, ನಾಡಿದ್ದು ರಾಡ್ ಬ್ಲಾಕ್ ಒಡೆದು ಹೊರಗೆ ಬರುತ್ತದೆ. ಶಿರಾಡಿಯ ಮಧ್ಯೆ ಅದು ಆದರೆ ಟೋಯಿಂಗ್ ಖರ್ಚು ಬೇರೆ.

ಬಿಚ್ಚಿದ ಮೇಲೆ

ಬಿಚ್ಚುವ ಮೊದಲು ರಾಡ್ ಬೋಲ್ಟ್ ತರಿಸಿಟ್ಟುಕೊಳ್ಳಿ. ಈಗಿನ ಬಹಳ ಇಂಜಿನ್‌ಗಳಲ್ಲಿ ಅವು ಒಂದೇ ಸಲ ಬಿಗಿ ಮಾಡುವ, ಎಳೆದುಕೊಳ್ಳುವ ಜಾತಿಯವು. ಬೇರಿಂಗಿನ ಕೆಳಗಿನ ಅರ್ಧವನ್ನು ಹಿಡಿದಿರುವ ಕ್ಯಾಪ್‌ಗಳನ್ನು ಒಂದೊಂದಾಗಿ ತೆಗೆಯಿರಿ. ಯಾವ ಸಿಲಿಂಡರ್, ಯಾವ ಮುಖ ಅಂತ ಗುರುತು ಮಾಡಿ. ತಯಾರಿಕೆಯಲ್ಲಿ ರಾಡಿನ ತುದಿಯನ್ನೇ ಮುರಿದು ಮಾಡಿದ ಕ್ಯಾಪ್ ಆದರೆ ಒಂದರದ್ದು ಇನ್ನೊಂದಕ್ಕೆ ಕೂರುವುದೇ ಇಲ್ಲ. ಹಾಗೆ ಕೂರಿಸಲು ಅರ ಹಾಕಿದವರನ್ನೂ ನೋಡಿದ್ದೇನೆ.

ಬಿಗ್ ಎಂಡಿನಲ್ಲಿ ಮೇಲಿನ ತಗಡು ನೋಡಿ, ಉರಿಯುವ ಒತ್ತಡ ಬೀಳುವುದು ಅದಕ್ಕೆ. ಮೇನ್‌ನಲ್ಲಿ ಕೆಳಗಿನದು. ಸಮನಾದ ಬೂದು ಬಣ್ಣ, ಒಂದೆರಡು ಕೂದಲೆಳೆ ಗೀರು ಇದ್ದರೆ ಅದೇ ಜಾಗಕ್ಕೆ ವಾಪಸ್ ಹಾಕಬಹುದು. ಮಧ್ಯದಲ್ಲಿ ತಾಮ್ರ ಅಗಲವಾಗಿ ಕಂಡರೆ ಬದಲಿಸಿ. ಕಸ ಚುಚ್ಚಿಕೊಂಡ ಗುರುತುಗಳಿದ್ದರೆ ಏರ್ ಫಿಲ್ಟರ್ ಕೂತಿರುವ ಜಾಗ ನೋಡಿ. ನಮ್ಮ ಕೆಂಪು ಧೂಳು ಅಲ್ಲಿಂದಲೇ ನುಗ್ಗುತ್ತದೆ. ತಗಡಿನ ಒಂದೇ ಅಂಚು ಸವೆದಿದ್ದರೆ ರಾಡ್ ಬಾಗಿರಬಹುದು. ಮಳೆಗಾಲದಲ್ಲಿ ಹಳ್ಳ ದಾಟುವಾಗ ಇಂಜಿನ್ ನೀರು ಕುಡಿದು ನಿಂತಿತ್ತಾ ಅಂತ ಓನರನ್ನು ಕೇಳಿ. ಬಾಗಿದ ರಾಡಿಗೆ ಹೊಸ ತಗಡು ಹಾಕಿದರೆ ಮತ್ತೆ ಅದೇ ಅಂಚು ಸವೆಯುತ್ತದೆ. ಕಾರಣ ಸಿಗುವವರೆಗೆ ಹೊಸ ಸೆಟ್ಟಿನ ಪ್ಯಾಕೆಟ್ ಒಡೆಯಬೇಡಿ ಅನ್ನುವುದು ನನ್ನ ಕಟ್ಟುನಿಟ್ಟು.

ಕ್ರ್ಯಾಂಕ್ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕುವ ಗೀರು ಇದ್ದರೆ ಬರೀ ತಗಡು ಬದಲಿಸಿ ಪ್ರಯೋಜನ ಇಲ್ಲ. ಮೈಕ್ರೋಮೀಟರಿನಲ್ಲಿ ಒಂದೇ ಜರ್ನಲ್ಲನ್ನು (ಬೇರಿಂಗ್ ಒಳಗೆ ತಿರುಗುವ ಕ್ರ್ಯಾಂಕಿನ ಭಾಗ) ಎರಡು ದಿಕ್ಕಿನಲ್ಲಿ, ಎರಡೂ ತುದಿಯಲ್ಲಿ ಅಳೆದು ಪುಸ್ತಕದ ಅಂಕಿಗೆ ಹೋಲಿಸಿ. ಸಂದು ಅಳೆಯಲು ಪ್ಲಾಸ್ಟಿಗೇಜ್ ಸಾಕು. ಆಯಿಲ್ ಒರೆಸಿ ಒಣಗಿಸಿದ ಜರ್ನಲ್ ಮೇಲೆ ಆ ಮೇಣದ ಎಳೆ ಇಟ್ಟು, ಪೂರ್ತಿ ಟಾರ್ಕಿಗೆ ಬಿಗಿದು, ಕ್ರ್ಯಾಂಕ್ ತಿರುಗಿಸದೆ ಬಿಚ್ಚಿ, ಚಪ್ಪಟೆಯಾದ ಅಗಲವನ್ನು ಅಳತೆ ಪಟ್ಟಿಗೆ ಹಿಡಿಯಿರಿ. ಅಗಲ ಜಾಸ್ತಿ ಅಂದರೆ ಸಂದು ಕಡಿಮೆ. ಈ ಅಳತೆಗೆ ಹಳೇ ಬೋಲ್ಟ್ ಬಳಸಿ, ಹೊಸದನ್ನು ಕೊನೆಯ ಬಿಗಿತಕ್ಕೆ ಇಟ್ಟುಕೊಳ್ಳಿ. ಸಂದು 0.10 ಮಿಲಿಮೀಟರ್ ಹತ್ತಿರ ಹೋಗಿದ್ದರೆ ಹೆಚ್ಚಿನ ಕಾರುಗಳಲ್ಲಿ ಮಿತಿ ಮುಗಿದಂತೆ.

ಗ್ರೈಂಡಿಂಗ್ ಬೇಕಾದರೆ ಲೇತ್‌ನವರು 0.25 ಅಥವಾ 0.50 ಮಿಲಿಮೀಟರ್ ಇಳಿಸುತ್ತಾರೆ, ಇಂಚಿನ ಸಾವಿರದ ಭಾಗದ ಲೆಕ್ಕದಲ್ಲಿ ಟೆನ್ ಸೈಜ್, ಟ್ವೆಂಟಿ ಸೈಜ್ ಅನ್ನುವುದು ಇದಕ್ಕೇ. ನಿಮ್ಮ ಇಂಜಿನ್ನಿಗೆ ಆ ಸೈಜಿನ ತಗಡು ಸಿಗುತ್ತದಾ ಅಂತ ಗ್ರೈಂಡಿಂಗಿಗೆ ಕೊಡುವ ಮೊದಲೇ ಕೇಳಿ. ಕೆಲವು ಕ್ರ್ಯಾಂಕ್‌ಗಳ ಮೇಲ್ಮೈ ಮಾತ್ರ ಗಟ್ಟಿ ಮಾಡಿರುತ್ತಾರೆ, ಅವನ್ನು ಇಳಿಸಿದರೆ ಆ ಗಟ್ಟಿತನವೇ ಹೋಗುತ್ತದೆ. ಬ್ಲಾಕಿನ ಕೆಳಭಾಗವೇ ಒಂದು ತುಂಡಾಗಿ ಎಲ್ಲ ಮೇನ್ ಬೇರಿಂಗ್ ಹಿಡಿದಿರುವ ಹೊಸ ಇಂಜಿನ್‌ಗಳಲ್ಲಿ ಮೇನ್ ಕೆಲಸ ಗಾಡಿಯ ಕೆಳಗೆ ಮಲಗಿ ಆಗುವುದಿಲ್ಲ, ಇಂಜಿನ್ ಇಳಿಸಲೇಬೇಕು. ಆ ಖರ್ಚು ಬಂದಾಗ ಉಳಿದದ್ದನ್ನೂ ನೋಡಿ. ಆಯಿಲ್ ಕ್ಯಾಪ್ ತೆಗೆದರೆ ಹೊಗೆ ಉಗುಳುತ್ತಾ, ಸಾವಿರ ಕಿಲೋಮೀಟರಿಗೆ ಲೀಟರ್ ಆಯಿಲ್ ಕುಡಿಯುತ್ತಿದ್ದರೆ ರಿಂಗ್ ಕೆಲಸವೂ ಜೊತೆಗೇ ಆಗಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಗಾಡಿಗೆ ಹದಿನಾಲ್ಕು ತುಂಬಿ, ಬಾಡಿ ತುಕ್ಕು ಹಿಡಿದಿದ್ದರೆ ಈ ಕೆಲಸಕ್ಕೆ ಕೈ ಹಾಕದೆ ಮಾರುವುದು ವಾಸಿ. ಶಬ್ದ ಇದೆ ಅಂತ ಹೇಳಿಯೇ ಮಾರಿ.

ಜೋಡಿಸುವಾಗ ತಗಡಿನ ಹಿಂಭಾಗ ಒಣಗಿರಬೇಕು, ಮುಂಭಾಗಕ್ಕೆ ಮಾತ್ರ ಆಯಿಲ್. ಕ್ರ್ಯಾಂಕಿನ ಆಯಿಲ್ ತೂತುಗಳನ್ನು ಬ್ರಷ್ ಹಾಕಿ ಸೀಮೆಎಣ್ಣೆಯಲ್ಲಿ ತೊಳೆದು ಗಾಳಿ ಹೊಡೆಯಿರಿ. ಒಂದೊಂದು ಕ್ಯಾಪ್ ಬಿಗಿದ ಮೇಲೂ ಕೈಯಿಂದ ಕ್ರ್ಯಾಂಕ್ ತಿರುಗಿಸಿ ನೋಡಿ. ಗಟ್ಟಿಯಾದರೆ ಅಲ್ಲೇ ನಿಲ್ಲಿಸಿ, ಆ ಕ್ಯಾಪಿನಲ್ಲೇ ತಪ್ಪಿದೆ. ಸ್ಟಾರ್ಟ್ ಮಾಡುವ ಮೊದಲು ಇಂಜೆಕ್ಟರ್ ಸಾಕೆಟ್ ಬಿಚ್ಚಿಟ್ಟು, ಆಯಿಲ್ ದೀಪ ಆರುವ ತನಕ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಮೊದಲ ಆಯಿಲನ್ನು 500ರಿಂದ 1000 ಕಿಲೋಮೀಟರ್ ಒಳಗೆ ಬಿಟ್ಟುಬಿಡಿ, ಅಲ್ಲಿಯ ತನಕ ಘಾಟಿಯಲ್ಲಿ ಭಾರ ಹಾಕಿ ಹತ್ತಿಸಬೇಡಿ. ಆ ಫಿಲ್ಟರನ್ನೂ ಕತ್ತರಿಸಿ ನೋಡಿ. ಸಣ್ಣ ಪುಡಿ ಹೊಳಪು ಇರುತ್ತದೆ, ಚಕ್ಕೆ ಇರಬಾರದು.